ಎರಡನೇ ಸುತ್ತು

"ಗುರುಗಳೇ, ತಾನು ಮಾಡಿದ ದೊಡ್ಡ ಕೆಲಸದ ಬಗ್ಗೆ ಒಂದು ಮಾತೂ ಆಡದವನು ಅಹಂಕಾರವನ್ನು ಗೆದ್ದ ಹಾಗೆ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಆ ಶಿಷ್ಯ ಮಠಕ್ಕೆ ಬರುವ ಮೊದಲು ಸೈನ್ಯದಲ್ಲಿದ್ದವನು. ಗಡಿಯಲ್ಲಿ ಕಾದಾಡಿದವನು. ಆ ದಿನಗಳ ಬಗ್ಗೆ ಅವನು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಇವನಂಥ ವಿನಯವಂತನಿಲ್ಲ ಎಂದು ಮಠಕ್ಕೆ ಬಂದವರೆಲ್ಲ ಹೇಳುತ್ತಿದ್ದರು.

ಗುರುಗಳು ಈ ಕತೆ ಹೇಳಿದರು.

ಸೋವಿಯತ್ ದೇಶದ ಮೇಲೆ ಜರ್ಮನರ ದಂಡು ಏರಿಬಂದ ಕಾಲ. ಗಂಡಸರ ಜೊತೆಗೆ ಹೆಂಗಸರೂ ಯುದ್ಧಕ್ಕೆ ಇಳಿದರು. ಅವರ ಒಂದು ಪಡೆಯಲ್ಲಿ ವಿಮಾನ ನಡೆಸುವವರು, ಬಾಂಬು ಕಟ್ಟುವವರು, ಎಂಜಿನ್ ಬಿಚ್ಚಿ ಜೋಡಿಸುವವರು ಎಲ್ಲರೂ ಹೆಂಗಸರೇ. ಇಪ್ಪತ್ತು, ಇಪ್ಪತ್ತೆರಡರ ಪ್ರಾಯ. ಅವರ ಪಾಲಿಗೆ ಬಂದದ್ದು ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದ ಹಳೆಯ ವಿಮಾನ. ಕಿಡಿ ತಾಗಿದರೆ ಒಣಹುಲ್ಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಒಂದೊಂದರಲ್ಲಿ ಇಬ್ಬರು. ಮುಂದೆ ನಡೆಸುವವಳು, ಹಿಂದೆ ಬಾಂಬು ಬೀಳಿಸುವವಳು. ಇನ್ನೊಂದು ಬಾಂಬು ಹೆಚ್ಚಿಗೆ ಹೊರಬಹುದಲ್ಲ ಎಂದು ಪ್ಯಾರಾಚೂಟನ್ನೂ ಬಿಟ್ಟು ಹೋಗುತ್ತಿದ್ದರು. ಹಗಲು ಹಾರಿದರೆ ಉಳಿಗಾಲವಿಲ್ಲ. ಹಾಗಾಗಿ ರಾತ್ರಿ ಮಾತ್ರ ಹಾರುತ್ತಿದ್ದರು.

ರಾತ್ರಿಯಾದರೆ ಶತ್ರುಗಳು ಆಕಾಶಕ್ಕೆ ಸರ್ಚ್‌ಲೈಟು ಎತ್ತುತ್ತಿದ್ದರು. ಅದಕ್ಕೆ ಇವರು ಒಂದು ಪದ್ಧತಿ ಕಂಡುಕೊಂಡರು. ಎರಡು ವಿಮಾನ ಜೋಡಿಯಾಗಿ ಹೋಗುವುದು. ಒಂದು ಬೇಕೆಂದೇ ಸದ್ದು ಮಾಡುತ್ತ ಬೆಳಕಿಗೆ ಸಿಕ್ಕಿಕೊಳ್ಳುವುದು. ಗುಂಡೆಲ್ಲ ಅದರ ಕಡೆಗೆ. ಅಷ್ಟರಲ್ಲಿ ಇನ್ನೊಂದು ಸದ್ದಿಲ್ಲದೆ ತೇಲಿ ಬಂದು ಬಾಂಬು ಹಾಕುವುದು. ಹಾಕಿದ ಕೂಡಲೇ ಅದು ಬೆಳಕಿಗೆ ಬರಬೇಕು, ಮೊದಲಿನದು ಕತ್ತಲೆಗೆ ಸರಿಯಬೇಕು. ಜೋಡಿ ಬರುವ ತನಕ ಬೆಳಕು ಬಿಟ್ಟು ಹೋಗುವ ಹಾಗಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲಿಲ್ಲ.

ರಿಮ್ಮಾ ಎಂಬ ಚಾಲಕಿಗೆ ಕ್ಲಾವಾ ಎಂಬ ಚಾಲಕಿ ಜೋಡಿ. ಒಂದು ಸಂಜೆ ಹೊರಡುವ ಮುಂಚೆ ಕ್ಲಾವಾ, "ಮೊದಲು ಬೆಳಕಿಗೆ ಹೋಗುವ ಸರದಿ ನನ್ನದು. ನೀನು ಮುದುಕಿ ಹಾಗೆ ಸೊಂಟ ಹಿಡಿದುಕೊಂಡು ಬರಬೇಡ ಕಣೇ" ಎಂದಳು.

"ಜರ್ಮನರಾದರೂ ನಿನ್ನ ಮೂತಿ ಸ್ವಲ್ಪ ನೋಡಲಿ ಬಿಡೇ. ಇಲ್ಲಂತೂ ನೋಡುವವರಿಲ್ಲ" ಎಂದಳು ರಿಮ್ಮಾ.

ಕ್ಲಾವಾ ಬೆಳಕಿಗೆ ಹೋದಳು. ರಿಮ್ಮಾ ಕತ್ತಲೆಯಲ್ಲಿ ತೇಲಿ ಬಂದಳು. ನಾಲ್ಕು ಬಾಂಬುಗಳಲ್ಲಿ ಮೂರು ಬಿದ್ದವು. ನಾಲ್ಕನೆಯದು ಕೊಕ್ಕೆಗೆ ಸಿಕ್ಕಿಕೊಂಡಿತು.

ಇಂಥ ಹೊತ್ತಿನಲ್ಲಿ ಮೊದಲು ಬೆಳಕಿಗೆ ಹೋಗಿ ಜೋಡಿಯನ್ನು ಬಿಡಿಸಬೇಕು, ಸಿಕ್ಕಿಕೊಂಡ ಬಾಂಬಿನ ಮಾತು ಆಮೇಲೆ. ರಿಮ್ಮಾಳಿಗೆ ಅದು ಗೊತ್ತಿತ್ತು. ಆದರೆ ಒಯ್ದ ಬಾಂಬನ್ನು ವಾಪಸು ತರುವುದು ಆ ಪಡೆಯಲ್ಲಿ ನಾಚಿಕೆಯ ಸಂಗತಿ. ಇನ್ನೊಂದೇ ಸುತ್ತು ಎಂದುಕೊಂಡಳು. ಹಿಂದೆ ಕೂತವಳು ರೆಕ್ಕೆಯ ಮೇಲೆ ತೆವಳಿ ಬಾಂಬನ್ನು ಕೈಯಿಂದ ನೂಕಿದಳು. ಗುರಿ ತಪ್ಪಲಿಲ್ಲ. ಎರಡು ನಿಮಿಷ ಹಿಡಿಯಿತು.

ಆ ಎರಡು ನಿಮಿಷವೂ ಕ್ಲಾವಾ ಬೆಳಕಿನಲ್ಲೇ ಇದ್ದಳು. ರಿಮ್ಮಾ ತಿರುಗಿ ನೋಡುವಾಗ ಅವಳ ವಿಮಾನ ಹೊತ್ತಿಕೊಂಡಿತ್ತು. ನದಿಯ ಆಚೆ, ಶತ್ರುವಿನ ನೆಲದ ಮೇಲೆ ಬಿತ್ತು. ರಿಮ್ಮಾ ಕೊನೆಯ ತನಕ ನೋಡಿದಳು.

"ಬಿದ್ದದ್ದನ್ನು ಕಂಡೆಯಾ?" ಎಂದು ನೆಲೆಗೆ ಮರಳಿದ ಮೇಲೆ ದಳನಾಯಕಿ ಕೇಳಿದಳು.

"ಹೊಗೆ ಇತ್ತು. ಕಾಣಲಿಲ್ಲ."

ಕಂಡೆ ಎಂದಿದ್ದರೆ, ಆಗ ನೀನೆಲ್ಲಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ಬೇರೆ ಯಾರೂ ಕಂಡಿರಲಿಲ್ಲ. ರೆಕ್ಕೆಯ ಮೇಲಿದ್ದವಳ ಕಣ್ಣು ಬಾಂಬಿನ ಮೇಲಿತ್ತು. ಅವಳೂ ಆ ಚಳಿಗಾಲ ದಾಟಲಿಲ್ಲ. ಕ್ಲಾವಾಳ ಹಿಂದೆ ಕೂತು ಸತ್ತವಳ ಬಗ್ಗೆ ಕೇಳಲು ಅವಳ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕ್ಲಾವಾಳಿಗೆ ಮಾತ್ರ ತಾಯಿ ಇದ್ದಳು.

ಕಾಗದದಲ್ಲಿ ಕ್ಲಾವಾ 'ನಾಪತ್ತೆ' ಎಂದು ಬರೆದರು. ಆ ದೇಶದಲ್ಲಿ ಆ ಕಾಲಕ್ಕೆ ನಾಪತ್ತೆಯಾದವರು ಸತ್ತವರಲ್ಲ. ಶತ್ರುವಿಗೆ ಶರಣಾಗಿರಲೂಬಹುದು. ತಾಯಿಗೆ ಹುತಾತ್ಮರ ಮನೆಯವರಿಗೆ ಕೊಡುವ ಹಿಟ್ಟು ಸಿಗಲಿಲ್ಲ, ಸೌದೆ ಸಿಗಲಿಲ್ಲ. ಓಡಿಹೋದವಳ ತಾಯಿ ಎಂದು ನೆರೆಯವರು ಮುಖ ತಿರುಗಿಸಿದರು.

ಯುದ್ಧ ಮುಗಿಯಿತು. ಪಡೆಯನ್ನು ವಿಸರ್ಜಿಸುವ ದಿನ ಒಬ್ಬ ಅಧಿಕಾರಿ ಬಂದು, "ದೊಡ್ಡ ಕೆಲಸ ಮಾಡಿದ್ದೀರಿ. ಇನ್ನು ಊರಿಗೆ ಹೋಗಿ ಅದನ್ನೇ ಹೇಳಿಕೊಂಡು ತಿರುಗಬೇಡಿ" ಎಂದ. ಉಳಿದ ಹೆಂಗಸರು ಸಿಟ್ಟಿಗೆದ್ದರು. ರಿಮ್ಮಾಳಿಗೋ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಅವಳು ಬಟ್ಟೆ ಗಿರಣಿಗೆ ಸೇರಿದಳು. ಒಂದು ದಿನ ಕ್ಲಾವಾಳ ತಾಯಿ ಎರಡು ದಿನ ರೈಲಿನಲ್ಲಿ ಕೂತು ಅಲ್ಲಿಗೆ ಬಂದಳು.

"ನೀನು ಅವಳ ಜೋಡಿ ಅಂತ ಕಾಗದದಲ್ಲಿ ಬರೀತಿದ್ದಳು, ಮಗಳೇ. ಅವಳು ಬದುಕಿದ್ದಾಳೆ ಅಂತ ಹೇಳಿಸಿಕೊಳ್ಳೋಕೆ ನಾನು ಬಂದಿಲ್ಲ. ಸತ್ತದ್ದನ್ನು ಕಂಡೆ ಅಂತ ಒಂದು ಸಾಲು ಬರೆದುಕೊಡು, ಸಾಕು."

"ಆ ಮಾತೆಲ್ಲ ಆಡಬೇಡಿ ಅಂತ ನಮಗೆ ಹೇಳಿದ್ದಾರಮ್ಮ."

"ನನ್ನ ಹತ್ತಿರವೂ?"

ರಿಮ್ಮಾ ಮಗ್ಗದ ಕಡೆ ತಿರುಗಿದಳು. ತಾಯಿ, ಮಗಳ ಗೆಳತಿಗೆಂದು ತಂದಿದ್ದ ರೊಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು.

ಕಾಲ ಬದಲಾಯಿತು. ಹಾರಿದ ಹೆಂಗಸರನ್ನು ದೇಶ ನೆನೆಯತೊಡಗಿತು. ಶಾಲೆಯ ಮಕ್ಕಳು ಹೂ ಹಿಡಿದು ರಿಮ್ಮಾಳ ಬಾಗಿಲಿಗೆ ಬಂದರು. ನಿಮ್ಮಿಂದಲೇ ನಾನೂ ಪೈಲಟ್ ಆಗಬೇಕೆಂದಿದ್ದೇನೆ ಎಂದು ಒಬ್ಬ ಹುಡುಗಿ ಹೇಳಿದಳು. ರಿಮ್ಮಾ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಬಾಗಿಲು ಮುಚ್ಚಿಕೊಂಡಳು. ಎಂಥ ವಿನಯ ಎಂದಿತು ಊರು. ಅವಳು ಸುಮ್ಮನಿದ್ದಷ್ಟೂ ಹೊಗಳಿಕೆ ಬೆಳೆಯಿತು.

ಎಪ್ಪತ್ತು ತುಂಬಿದ ವರ್ಷ ಅವಳಿಗೆ ತಡೆಯಲಾಗಲಿಲ್ಲ. ನಾನು ಎರಡನೇ ಸುತ್ತು ಹೊಡೆದೆ, ಅವಳು ನನಗಾಗಿ ಕಾದು ಸುಟ್ಟುಹೋದಳು, ನಾನು ಕಂಡೆ ಎಂದು ಬರೆದು ಸೈನ್ಯದ ಕಚೇರಿಗೆ ಕೊಟ್ಟಳು. ಗುಮಾಸ್ತ ಓದಿ, "ಇಷ್ಟು ವರ್ಷ ಎಲ್ಲಿದ್ದಿರಿ, ಅಜ್ಜಿ?" ಎಂದ. ಕ್ಲಾವಾಳ ಹೆಸರನ್ನು ಕಲ್ಲಿನಲ್ಲಿ ಕೊರೆದರು. ತಾಯಿ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಓಡಿಹೋದವಳ ತಾಯಿ ಎಂದೇ ಅವಳನ್ನು ಮಣ್ಣು ಮಾಡಿದ್ದರು.

ಗುರುಗಳು ನಿಲ್ಲಿಸಿದರು.

"ಕೊನೆಗಾದರೂ ಹೇಳಿದಳಲ್ಲ" ಎಂದ ಶಿಷ್ಯ.

ಗುರುಗಳು ಕೇಳಿದರು: "ಗಡಿಯಲ್ಲಿ ನಿನ್ನ ಜೊತೆಗಿದ್ದವನ ತಾಯಿ, ನಿನ್ನ ಒಂದು ಮಾತಿಗೆ ಕಾದು ಕೂತವಳು, ಇನ್ನೂ ಬದುಕಿದ್ದಾಳೆಯೇ?"