ಸೀಮೆಸುಣ್ಣದ ಗೆರೆಯೊಳಗಿನ ಕಿತ್ತಳೆ

ಪೂಜ್ಯ ಗುರುಸಿದ್ಧಮ್ಮ ತಾಯಿಯವರು ಮಲಪ್ರಭೆಯ ದಂಡೆಯ ಮೇಲೆ, ಜೋಳದ ದಂಟು ಹೊದಿಸಿದ ಒಂದು ಗುಡಿಸಲಿನಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಮೂರು ಕಲ್ಲಿನ ಒಲೆ, ಇಷ್ಟೇ ಅವರ ಆಸ್ತಿ. ತಾಯಿಯವರಿಗೆ ಸಿಟ್ಟೇ ಬರುತ್ತಿರಲಿಲ್ಲ ಎಂದು ಈಚೆಗೆ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಅವರಲ್ಲಿ ಒಬ್ಬರೂ ಆ ಗುಡಿಸಲಿನಲ್ಲಿ ಒಂದು ದಿನ ಕೂತವರಲ್ಲ. ನಾನು ಹನ್ನೆರಡು ವರ್ಷ ಅಲ್ಲಿ ಮಜ್ಜಿಗೆ ಬಡಿಸಿದ್ದೇನೆ. ತಾಯಿಯವರ ಸಿಟ್ಟನ್ನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ನನ್ನ ಪುಣ್ಯ.

ಗುಡಿಸಲಿಗೆ ಒಂದೇ ಪದ್ಧತಿ ಇತ್ತು. ಯಾರು ಏನೇ ತರಲಿ, ಹಣ್ಣಾಗಲಿ ಚುರುಮುರಿಯಾಗಲಿ, ತಾಯಿಯವರ ಮುಂದೆ ಒಂದು ಕ್ಷಣ ಇಟ್ಟು, ಆಮೇಲೆ ತಂದವರೇ ಕೈಯಾರೆ ಅಲ್ಲಿ ಕೂತವರಿಗೆಲ್ಲ ಹಂಚಬೇಕು. ಊರ ಗೌಡನಿಗೂ ಇದರಿಂದ ರಿಯಾಯಿತಿ ಇರಲಿಲ್ಲ.

ಆ ವರ್ಷ ಮಾಘದಲ್ಲಿ ಕಾಳವ್ವ ಎಂಬ ಹೆಣ್ಣುಮಗಳು ಆರು ವರ್ಷದ ಮಗಳು ಸುನಂದಾಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಗು ಇಪ್ಪತ್ತೊಂದು ದಿನ ವಿಷಮಜ್ವರದಲ್ಲಿ ಬೆಂದು ಆಗಷ್ಟೇ ಎದ್ದಿತ್ತು, ಕೈಕಾಲು ಕಡ್ಡಿಯಾಗಿದ್ದವು. ಕಾಳವ್ವನ ಕೆನ್ನೆಯ ಮೇಲೆ ಐದೂ ಬೆರಳು ಮೂಡಿದ್ದವು. ಗಂಡ ಹೊಡೆದು ಹೊರಗೆ ಹಾಕಿದ್ದ. ಕಾರಣ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು: ಒಂದು ಕಿತ್ತಳೆ ಹಣ್ಣು.

ಗಂಡ ಮೌನೇಶ ಪತ್ತಾರ ಶಾಲೆಯ ಡ್ರಾಯಿಂಗ್ ಮಾಸ್ತರ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಪ್ರದರ್ಶನವೊಂದಕ್ಕೆ ಕಳಿಸಲೆಂದು ಪೇಟೆಯಿಂದ ಕಿತ್ತಳೆ, ದ್ರಾಕ್ಷಿ, ದಾಳಿಂಬೆ, ಸೇವಂತಿಗೆ ತರಿಸಿ ಹಿತ್ತಾಳೆ ತಟ್ಟೆಯ ಸುತ್ತ ಮೇಜಿನ ಮೇಲೆ ಜೋಡಿಸಿದ್ದ. ಅಲುಗಿದರೆ ತಿಳಿಯಲೆಂದು ಒಂದೊಂದು ಹಣ್ಣಿನ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದಿದ್ದ. ಕಿಟಕಿಯಲ್ಲಿ ಎಳೆಬಿಸಿಲು ಇರುವ ಎರಡು ತಾಸು ಬರೆಯುವುದು. ಉಳಿದ ಹೊತ್ತು ಆ ಮೇಜಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಜ್ವರ ಬಿಟ್ಟ ಮಗು ಎದುರಿನ ಹಾಸಿಗೆಯಲ್ಲಿ ಮಲಗಿ ನಾಲ್ಕು ದಿನ ಆ ಹಣ್ಣುಗಳನ್ನೇ ನೋಡಿತು. ಆ ಊರ ಸಂತೆಯಲ್ಲಿ ಕಿತ್ತಳೆ ಸಿಗುತ್ತಿರಲಿಲ್ಲ. ಐದನೆಯ ದಿನ ಹೆತ್ತ ಕರುಳು ತಡೆಯದೆ, ಅವನು ಇನ್ನೂ ಬರೆಯದಿದ್ದ ನಡುವಿನ ಕಿತ್ತಳೆಯನ್ನು ಸುಲಿದು ಕೊಟ್ಟಿತು.

ಕಾಳವ್ವ ಗುಡಿಸಲಿಗೆ ಬಂದ ಮೂರನೆಯ ದಿನ ಮಧ್ಯಾಹ್ನ, ಜನ ಊಟದ ಪಂಕ್ತಿಯಲ್ಲಿ ಕೂತಿದ್ದಾಗ, ಮೌನೇಶನೇ ಬಂದ. ಕಂಕುಳಲ್ಲಿ ಬಟ್ಟೆ ಸುತ್ತಿದ ಚಿತ್ರ. ಸಾಧುಸಂತರೆಂದರೆ ಅವನಿಗೆ ಮೊದಲಿಂದಲೂ ತಾತ್ಸಾರ. ನಮಸ್ಕಾರ ಕೂಡ ಮಾಡಲಿಲ್ಲ.

"ಗಂಡನ ಮಾತು ಮೀರಿದಾಕಿನ್ನ ಇಟಗೊಂಡು ಕೂಳು ಹಾಕ್ತೀರೇನು? ಆಕಿ ಏನ್ ಹಾಳ ಮಾಡ್ಯಾಳ ನೋಡ್ರಿ!" ಎಂದು ಬಟ್ಟೆ ಕಿತ್ತು, ಚಿತ್ರವನ್ನು ತಾಯಿಯವರ ಮುಂದೆ ಒಗೆದ ಹಾಗೆ ಇಟ್ಟ.

ಸುಳ್ಳು ಹೇಳಬಾರದು, ಚಿತ್ರ ಅದ್ಭುತವಾಗಿತ್ತು. ದ್ರಾಕ್ಷಿಯ ಮೇಲಿನ ಬೂದಿಯಂಥ ಪುಡಿ, ಒಡೆದ ದಾಳಿಂಬೆಯ ಕಾಳು, ಸೇವಂತಿಗೆಯ ಬಾಡಿದ ಒಂದು ಎಸಳು, ಎಲ್ಲ ಕೈಗೆ ಸಿಗುವಂತಿದ್ದವು. ನಡುವೆ ಮಾತ್ರ ಗುಂಡನೆಯ ಒಂದು ಖಾಲಿ ಜಾಗ. ಪಂಕ್ತಿಯ ತುದಿಯಲ್ಲಿ ಕೂತಿದ್ದ ಸುನಂದಾಳಿಗೆ ಚಿತ್ರದ ಮುಖ ಕಾಣುತ್ತಿರಲಿಲ್ಲ. ಮೂರು ದಿನದಲ್ಲಿ ಅವಳು ಗುಡಿಸಲಿನ ಪದ್ಧತಿ ಕಲಿತಿದ್ದಳು. ಅಪ್ಪ ಏನೋ ತಂದ, ಇನ್ನು ಹಂಚುತ್ತಾನೆ ಎಂದು ಎರಡೂ ಕೈ ಚಾಚಿದಳು.

ತಾಯಿಯವರು ಆ ಕೈಗಳನ್ನು ನೋಡಿದರು. "ಹಂಚು," ಎಂದರು.

"ಏನ್ ಹಂಚಲಿ? ಇದು ಚಿತ್ರ!"

"ಇದರಾಗಿನ ಹಣ್ಣು ಎಲ್ಲಿ ಅದಾವು?"

ಮೌನೇಶ ತಡವರಿಸಿದ. "ಕೊಳತು ನಾರಾಕ ಹತ್ತಿದ್ವು. ಮುಂಜಾನೆ ತಿಪ್ಪಿಗೆ ಒಗದು ಬಂದೆ."

ತಾಯಿಯವರು ಎದ್ದು ನಿಂತರು. ಎಂಬತ್ತು ದಾಟಿದ ಆ ದೇಹ ಸಿಟ್ಟಿನಿಂದ ಗಡಗಡ ನಡುಗುತ್ತಿತ್ತು.

"ತಿಪ್ಪಿಗೆ ಕೊಟ್ಟಿ. ಮಗಳಿಗೆ ಕೊಡಲಿಲ್ಲ."

ಅಷ್ಟೇ. ನನ್ನ ಕೈಯಿಂದ ಮಜ್ಜಿಗೆಯ ಸೌಟು ಕಸಿದುಕೊಂಡು ಅವನ ಕೈಗೆ ತುರುಕಿ, ಪಂಕ್ತಿಯ ಕಡೆ ಬೆರಳು ಮಾಡಿದರು. ಅವನು ಬಡಿಸುತ್ತ ಬಂದ. ಮಗಳ ಮುಂದೆ ಸೌಟು ಎತ್ತಿದಾಗ, ಹೊಡೆಯುತ್ತಾನೆಂದು ಹೆದರಿ ಮಗು ಚಾಚಿದ ಕೈಗಳನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಿತು. ಮೌನೇಶ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. ನನಗೆ ಕನಿಕರ ಬರಲಿಲ್ಲ, ಇದ್ದದ್ದು ಹೇಳುತ್ತೇನೆ.

ಕಾಳವ್ವ ಅಂದು ಅವನ ಜೊತೆ ಹೋಗಲಿಲ್ಲ. ಹೋಗು ಎಂದು ತಾಯಿಯವರು ಹೇಳಲೂ ಇಲ್ಲ. ಒಂದು ತಿಂಗಳು ಅವನು ಶಾಲೆಯ ನಡುವಿನ ಬಿಡುವಿನಲ್ಲಿ ಓಡಿ ಬಂದು ಪಂಕ್ತಿಗೆ ಬಡಿಸಿದ. ಪೇಟೆಯಿಂದ ಕಿತ್ತಳೆ ತಂದು ತೊಳೆ ತೊಳೆ ಬಿಡಿಸಿ ಹಂಚಿದ. ಸುನಂದಾ ಹೆದರದೆ ಅವನ ಕೈಯಿಂದ ಒಂದು ತೊಳೆ ಇಸಿದುಕೊಂಡ ದಿನ ಕಾಳವ್ವ ಮನೆಗೆ ಹೊರಡಲು ಗಂಟು ಕಟ್ಟಿದಳು.

ಚಿತ್ರ ಪ್ರದರ್ಶನಕ್ಕೆ ಹೋಗಲಿಲ್ಲ. ಮಾಸ್ತರರು ಅದನ್ನು ಪೂರ್ತಿ ಮಾಡಿ ಗುಡಿಸಲಿಗೇ ಕೊಟ್ಟರು. ಒಲೆಯ ಹೊಗೆಗೆ ಕಪ್ಪಾಗಿ ಇಂದಿಗೂ ಅಲ್ಲೇ ಇದೆ. ಖಾಲಿ ಇದ್ದ ಜಾಗದಲ್ಲಿ ಈಗಲೂ ಕಿತ್ತಳೆಯಿಲ್ಲ. ಸೀಮೆಸುಣ್ಣದ ಒಂದು ಗೆರೆ, ಅದರೊಳಗೆ ಸುಲಿದ ಸಿಪ್ಪೆ. ಹೋದ ವರ್ಷ ನೋಡಲು ಬಂದ ಜಾಣರೊಬ್ಬರು, ಇಷ್ಟು ಚೆಂದದ ಚಿತ್ರದ ನಡುವೆ ಕಸ ಯಾಕೆ ಬರೆದಿರಿ ಎಂದು ಕೇಳಿದರು. ಮಾಸ್ತರರು ಈಗ ತಲೆ ಪೂರ್ತಿ ನರೆತ ಮುದುಕರು. ಮಜ್ಜಿಗೆ ಬಡಿಸುವ ಕೆಲಸ ನನ್ನಿಂದ ಅವರಿಗೆ ಹೋಗಿ ಬಹಳ ಕಾಲವಾಯಿತು.

"ಹಣ್ಣು ಮಗಳು ತಿಂದಾಳ್ರೀ," ಎಂದರು ಅವರು. ಸೌಟು ಎತ್ತಿಕೊಂಡು ಮುಂದಿನವರಿಗೆ ಬಡಿಸಲು ಹೋದರು.