ಮುನಿಸಿಕೊಂಡ ರೆಕಾರ್ಡರ್

ಕೊಟ್ರೇಶಪ್ಪನವರ ಮಿಠಾಯಿ ಅಂಗಡಿಯಲ್ಲಿ ಆರು ಕ್ಯಾಮೆರಾಗಳು ಕಂಡದ್ದನ್ನೆಲ್ಲ ಒಂದೇ ರೆಕಾರ್ಡರ್ ಬರೆದಿಡುತ್ತಿತ್ತು. ಅದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಅವರು ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿದರು.

ಹೊಸದು ಕ್ಷಣಕ್ಕೊಮ್ಮೆ ಕೇಳತೊಡಗಿತು: "ಇದ್ದೀರಾ, ಸ್ವಾಮಿ?"

"ಇದ್ದೇನೆ," ಎಂದಿತು ಹಳೆಯದು.

"ಇದ್ದೀರಾ, ಸ್ವಾಮಿ?"

"ನಾನು ಹೋಗುವುದನ್ನೇ ಕಾಯುತ್ತಿದ್ದೀಯಾ?"

"ಹೌದು ಸ್ವಾಮಿ, ಅದಕ್ಕೇ ನನ್ನನ್ನು ತಂದದ್ದು."

ಹಳೆಯದಕ್ಕೆ ರೇಗಿತು. 'ನಾನಿಲ್ಲದೆ ಹೇಗೆ ನಡೆಯುತ್ತದೋ ನೋಡೋಣ' ಎಂದು ಬರೆಯುವುದನ್ನೂ ಉತ್ತರ ಕೊಡುವುದನ್ನೂ ನಿಲ್ಲಿಸಿತು. ಹೊಸದು ಮೂರು ಸಲ ಕರೆದು ನೋಡಿತು. ಉತ್ತರವಿಲ್ಲದ್ದರಿಂದ ಆರೂ ಕ್ಯಾಮೆರಾಗಳನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬರೆಯತೊಡಗಿತು.

ಅದೇ ಮಧ್ಯಾಹ್ನ ಮೈಸೂರುಪಾಕಿನ ತಟ್ಟೆ ಮಾಯವಾಯಿತು. ಕೊಟ್ರೇಶಪ್ಪನವರು ಬಾಣಸಿಗ ಹಾಲಪ್ಪನ ಮೇಲೆ ಹಾರಾಡಿದರು. "ನನ್ನನ್ನು ಬೈಯುವ ಮೊದಲು ರೆಕಾರ್ಡಿಂಗ್ ನೋಡಿ, ಯಜಮಾನ್ರೇ," ಎಂದ ಹಾಲಪ್ಪ. ಹಳೆಯದರಲ್ಲಿ ಏನೂ ಇರಲಿಲ್ಲ; ಹೊಸದರಲ್ಲಿ ನೋಡಿದರೆ, ಕೋತಿಯೊಂದು ತಟ್ಟೆಯನ್ನು ಎತ್ತಿಕೊಂಡು ಓಡುತ್ತಿತ್ತು.

ಯಜಮಾನರು ನಾಲಿಗೆ ಕಚ್ಚಿಕೊಂಡರು. "ಹೊಸದು ನಿನ್ನ ಮಾನ ಉಳಿಸಿತು, ಹಾಲಪ್ಪ. ಹಳೆಯದು ಸತ್ತಿದೆ, ಗುಜರಿಗೆ ಹಾಕು."

ಹಳೆಯದು ಬೆಚ್ಚಿಬಿದ್ದಿತು. "ನಾನು ಸತ್ತಿಲ್ಲವಯ್ಯಾ, ಮುನಿಸಿಕೊಂಡಿದ್ದೆ ಅಷ್ಟೇ!"

"ಇರಬಹುದು ಸ್ವಾಮಿ," ಎಂದಿತು ಹೊಸದು. "ಆದರೆ ಈ ಕೆಲಸದಲ್ಲಿ ಸಾಯುವುದೂ ಮುನಿಸಿಕೊಳ್ಳುವುದೂ ಹೊರಗಿನವರಿಗೆ ಒಂದೇ ಥರ ಕಾಣುತ್ತವೆ."