ಗಡಿಯ ಕೆಸರು

"ನೆಟ್ಟಗೆ ನಡೆಯಲು ಬಾರದವಳಿಗೆ ನೆಲದ ಪಂಚಾಯಿತಿ ಯಾಕೆ? ಇವಳ ಕೈಲಾಗುವ ಮಾತಲ್ಲ," ಎಂದು ಏಡಿಯಮ್ಮನನ್ನು ಮೊದಲು ಹಂಗಿಸಿದ್ದು ಆನೆ. ಎರಡು ದೇಶಗಳ ಗಡಿಯ ಜೌಗಿನಲ್ಲಿ ಆಕೆ ತಾನೇ ಬಿಲ ತೋಡಿಕೊಂಡು ಬಾಳಿದವಳು. ಮನುಷ್ಯರು ಒಂದೇ ಒಂದು ಜಾಗವನ್ನು ಮುಟ್ಟದೆ ಬಿಡಲು ಒಪ್ಪಿದ್ದರಿಂದ, ಅದನ್ನು ಆರಿಸಲು ಎರಡೂ ಕಡೆಯ ಮೃಗಗಳು ಸೇರಿದ್ದವು. ಈಚೆಯ ಆನೆಗೆ ತನ್ನ ಕಾಡೇ ಬೇಕು, ಆಚೆಯ ಕರಡಿಗೆ ತನ್ನ ಬೆಟ್ಟವೇ ಬೇಕು. ಜೌಗಿನ ಹೆಸರನ್ನು ಯಾರೂ ಎತ್ತಲಿಲ್ಲ. ಯಾರ ಹೆಜ್ಜೆ ದೊಡ್ಡದೋ ಅವರ ನೆಲ ಉಳಿಯಲಿ ಎಂಬುದು ಹಳೆಯ ಕಟ್ಟಳೆ. ಬೇಸಿಗೆಯ ಒಣನೆಲದಲ್ಲಿ ಹೆಜ್ಜೆ ಮೂಡದ್ದರಿಂದ ಎಲ್ಲರೂ ಜೌಗಿಗೇ ಬಂದರು.

ಆನೆ ಕಾಲೆತ್ತಿತು. "ತಡಿಯಪ್ಪಾ, ಊರುವ ಮೊದಲು ಕೆಳಗೆ ನೋಡು!" ಎಂದು ಏಡಿಯಮ್ಮ ಕೈ ಅಡ್ಡ ಹಿಡಿದಳು. ಕಾಲು ಇಳಿದೇಬಿಟ್ಟಿತು, ಕೈ ಮುರಿಯಿತು. ಬೆಚ್ಚಿದ ಆನೆ ಬಗ್ಗಿ ನೋಡಿತು. ಕೆಸರಿನ ತುಂಬ ನೀರಿಗೆ ಬಂದವರ ಹೆಜ್ಜೆಗಳು: ಕಡವೆಯದರ ಮೇಲೆ ಕರಡಿಯದು, ಕರಡಿಯದರ ಮೇಲೆ ಆನೆಯದೇ ಮರಿಯದು.

"ಇದರಲ್ಲಿ ನಮ್ಮ ಕಡೆಯವು ಯಾವುವು?" ಎಂದಿತು ಕರಡಿ.

"ನೆಟ್ಟಗೆ ನಡೆಯುವವರು ನೀವೇ ಬಿಡಿಸಿಕೊಳ್ಳಿ. ಅಡ್ಡಡ್ಡ ಓಡಾಡುವ ನನಗೆ ಗಡಿ ಎಲ್ಲಿ ಕಾಣಬೇಕು?"

ಬಿಡಿಸಲು ಯಾರಿಂದಲೂ ಆಗಲಿಲ್ಲ. ಆನೆ ತಲೆ ತಗ್ಗಿಸಿ, "ಎರಡೂ ಕಡೆಯವರು ಬೇಸಿಗೆಯಲ್ಲಿ ನೀರಿಗೆ ಬರುವುದು ಇಲ್ಲಿಗೇ. ಮೊದಲು ಇದೇ ಉಳಿಯಲಿ, ತಾಯೀ," ಎಂದಿತು.

ಈಗ ಗಡಿಯ ಎರಡೂ ಬದಿಯ ಕೆಸರು ಏಡಿಯಮ್ಮನದು. ಅದಕ್ಕೆ ಅವಳು ತೆತ್ತದ್ದು ಒಂದು ಕೈ.